ತೋಳಿನ ನರಾಘಾತವೂ ಚರಿತ್ರೆಯ ಸಾಕ್ಷ್ಯವೂ: ಗೋಪಾಲಸ್ವಾಮಿ ಬೆಟ್ಟದ ಪರಿಸರವನ್ನು ಕುರಿತ ಒಂದು ವಿಮರ್ಶೆ

ಪ್ರಾಚೀನ ಗ್ರಂಥಗಳಲ್ಲಿ, ಶಿಲ್ಪಗಳಲ್ಲಿ, ಜನಶ್ರುತಿಯಲ್ಲಿ ಬರುವ ರೋಗಗಳಿಗೆ ಇಂದಿನ ವೈದ್ಯಶಾಸ್ತ್ರದ ಹೆಸರುಗಳನ್ನು ಕೊಡುವ ಅಭ್ಯಾಸವು ನಮ್ಮ ಲೇಖನಗಳಲ್ಲಿ ಬಹುಕಾಲದಿಂದ ಬೇರೂರಿದೆ. ಈ ವಿಷಯದಲ್ಲಿ ಎರಡು ಪಂಥಗಳುಂಟು. ಒಂದು ಪಂಥದವರಿಗೆ ಇಂದು ತಿಳಿದಿರುವುದೆಲ್ಲವೂ ಅಂದೇ ತಿಳಿದಿತ್ತು. ಇನ್ನೊಂದು ಪಂಥದವರಿಗೆ ಅಂದಿನದೆಲ್ಲವೂ ಬರಿಯ ಕಲ್ಪನೆ. ಇವೆರಡೂ ಆಧಾರಪರೀಕ್ಷೆಯ ಶ್ರಮವನ್ನು ತಪ್ಪಿಸಿಕೊಳ್ಳುವ ದಾರಿಗಳೆಂದು ನಮ್ಮ ಅಭಿಪ್ರಾಯ. ಪ್ರಕೃತ ಲೇಖನದಲ್ಲಿ ನಾವು ಹೆಗಲು ಮತ್ತು ತೋಳುಗಳ ನರಗಳಿಗೆ ಒದಗುವ ಆಘಾತವೆಂಬ ಒಂದು ಚಿಕ್ಕ ವಿಷಯವನ್ನು ಮಾತ್ರ ಎತ್ತಿಕೊಂಡು, ಅದರ ಕಾರಣಗಳ ಮತ್ತು ಬಗೆಗಳ ಅರಿವು ಚರಿತ್ರೆಯ ವಿದ್ಯಾರ್ಥಿಗೆ ಏನನ್ನು ಕಲಿಸುತ್ತದೆ ಎಂಬುದನ್ನು ವಿಚಾರಿಸಹೊರಟಿದ್ದೇವೆ. ಇದು ವೈದ್ಯರ ಕ್ಷೇತ್ರ, ಚರಿತ್ರಕಾರನಿಗೆ ಇಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಕಾಯಿಲೆಯನ್ನು ಗುಣಪಡಿಸುವುದು ವೈದ್ಯರ ಕೆಲಸವೇ ಸರಿ. ಆದರೆ ‘ಗುಣವಾಯಿತು’ ಎಂಬ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಪ್ರಶ್ನೆ ಚರಿತ್ರಕಾರನದೂ ಹೌದು.

ಇಂಥ ವಿಚಾರಕ್ಕೆ ಒಂದು ನೆಲೆ ಬೇಕು. ಗುಂಡ್ಲುಪೇಟೆಯ ಸಮೀಪದ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಮತ್ತು ಅದರ ಸುತ್ತಣ ಸೀಮೆಯನ್ನು ನಾವು ಆರಿಸಿಕೊಂಡಿದ್ದೇವೆ. ಸಮುದ್ರಮಟ್ಟದಿಂದ 1454 ಮೀಟರ್ ಎತ್ತರದ ಈ ಬೆಟ್ಟದ ಮೇಲಣ ದೇವಾಲಯವು ಹೊಯ್ಸಳ ಮೂರನೆಯ ಬಲ್ಲಾಳನ ಕಾಲದಲ್ಲಿ, ಕ್ರಿ. ಶ. 1315ರ ಸುಮಾರಿಗೆ ನಿರ್ಮಿತವಾಯಿತೆಂಬುದು ವಾಚಕರಿಗೆ ವಿದಿತವೇ ಆಗಿದೆ. ತೆರಕಣಾಂಬಿಯ ಕಡೆಯ ಈ ನಾಡನ್ನು ಆಗ ಆಳುತ್ತಿದ್ದವರು ದಣ್ಣಾಯಕರ ಮನೆತನದವರು. ಗರ್ಭಗೃಹದಲ್ಲಿರುವುದು ಮರದಡಿ ನಿಂತು ಕೊಳಲನ್ನೂದುವ ಗೋಪಾಲನ ಮೂರ್ತಿ. ಮಕ್ಕಳಿಲ್ಲದವರು ಇಲ್ಲಿಗೆ ಬಂದು ಹರಕೆ ಹೊರುವುದುಂಟು. ಬೆಟ್ಟದಿಂದ ಇಳಿದು ಪೂರ್ವಕ್ಕೆ ಹೋದರೆ ಚಾಮರಾಜನಗರ. ಮೈಸೂರಿನ ದಸರೆಯ ವಜ್ರಮುಷ್ಟಿ ಕಾಳಗಕ್ಕೆ ಜೆಟ್ಟಿಗಳನ್ನು ಕಳುಹಿಸಿಕೊಡುವ ಊರುಗಳಲ್ಲಿ ಅದೂ ಒಂದು. ಕೊಳಲನ್ನು ಹಿಡಿದ ತೋಳು, ಜಟ್ಟಿಯ ತೋಳು, ಹರಕೆಯ ಕೂಸಿನ ತೋಳು: ಒಂದೇ ಸೀಮೆಯಲ್ಲಿ ಇವು ಮೂರೂ ನಮಗೆ ದೊರೆಯುತ್ತವೆ. ಇವುಗಳ ನಡುವೆ ಲೆಕ್ಕಕ್ಕೆ ಬಾರದ ಇನ್ನೊಂದು ತೋಳೂ ಉಂಟು. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಇಂದಿನ ಶಾಸ್ತ್ರದ ನಿರ್ಣಯವನ್ನು ಸಂಕ್ಷೇಪವಾಗಿ ತಿಳಿಯುವುದು ಅಗತ್ಯ. ತೋಳಿನ ಚಲನೆಗೂ ಸ್ಪರ್ಶಜ್ಞಾನಕ್ಕೂ ಆಧಾರವಾದ ನರಗಳು ಕತ್ತಿನ ಬಳಿ ಬೆನ್ನುಹುರಿಯಿಂದ ಐದು ಬೇರುಗಳಾಗಿ ಹೊರಡುತ್ತವೆ: ಕತ್ತಿನ ಭಾಗದ ಐದನೆಯದರಿಂದ ಎಂಟನೆಯದರವರೆಗಿನ ನಾಲ್ಕು, ಎದೆಯ ಭಾಗದ ಮೊದಲನೆಯದು ಒಂದು. ಇವು ಕೊರಳೆಲುಬಿನ ಹಿಂದೆ ಕೂಡಿ, ಅಗಲಿ, ಮತ್ತೆ ಕೂಡಿ ಒಂದು ಬಲೆಯಂತಾಗುತ್ತವೆ. ಈ ನರಜಾಲದಿಂದ ಕಂಕುಳಿನ ಮೂಲಕ ಮುಖ್ಯವಾದ ಐದು ಕವಲುಗಳು ತೋಳಿಗೆ ಇಳಿಯುತ್ತವೆ. ಹೆಗಲ ಕೀಲನ್ನು ಬಳಸಿ ಹೋಗುವ ಕಕ್ಷನರವು ತೋಳನ್ನು ಪಕ್ಕಕ್ಕೆ ಎತ್ತಿಸುತ್ತದೆ. ಇನ್ನೊಂದು ಮೊಣಕೈಯನ್ನು ಮಡಿಸುತ್ತದೆ. ತೋಳೆಲುಬನ್ನು ಹಿಂದಿನಿಂದ ಸುತ್ತಿ ಬರುವ ರೇಡಿಯಲ್ ನರವು ಮಣಿಕಟ್ಟನ್ನು ಮೇಲೆತ್ತುತ್ತದೆ. ಮೀಡಿಯನ್ ಮತ್ತು ಅಲ್ನರ್ ನರಗಳು ಬೆರಳುಗಳ ಹಿಡಿತಕ್ಕೂ ಸೂಕ್ಷ್ಮವಾದ ಕೆಲಸಕ್ಕೂ ಕಾರಣವಾಗಿವೆ.

ಈ ನರಗಳಿಗೆ ಪೆಟ್ಟಾಗುವ ಕಾರಣಗಳು ಹಲವು. ಸೆಳೆತ, ಒತ್ತಡ, ಕಡಿತ, ಗುಂಡಿನೇಟು, ಕೀಲು ತಪ್ಪುವಿಕೆ, ಎಲುಬು ಮುರಿತ, ಪ್ರಸವಕಾಲದ ಎಳೆತ ಇವು ಮುಖ್ಯವಾದವು. ಓಡುತ್ತಿರುವ ಮೋಟಾರ್ ಸೈಕಲ್ಲಿನಿಂದ ಬಿದ್ದವನ ತಲೆ ಒಂದು ಕಡೆಗೂ ಹೆಗಲು ಇನ್ನೊಂದು ಕಡೆಗೂ ಒತ್ತಲ್ಪಟ್ಟರೆ ಮೇಲಿನ ಬೇರುಗಳು ಸೆಳೆಯಲ್ಪಡುತ್ತವೆ. ಆಗ ತೋಳು ಜೋಲುತ್ತದೆ, ಬೆರಳು ಆಡುತ್ತದೆ. ಮರದಿಂದ ಬೀಳುತ್ತ ಕೊಂಬೆಯನ್ನು ಒಂದು ಕೈಯಿಂದ ಹಿಡಿದು ತೂಗಿದವನಲ್ಲಿ ಕೆಳಗಿನ ಬೇರುಗಳಿಗೆ ಪೆಟ್ಟಾಗುವುದುಂಟು. ಆಗ ತೋಳು ಏಳುತ್ತದೆ, ಬೆರಳಿನ ಹಿಡಿತ ಹೋಗುತ್ತದೆ. ಮರ ಹತ್ತುವುದೂ ಹೆದ್ದಾರಿಯಲ್ಲಿ ಓಡಾಡುವುದೂ ನಿತ್ಯದ ಬಾಳಾಗಿರುವ ಈ ಸೀಮೆಯಲ್ಲಿ ಇವೆರಡೂ ದೂರದ ಉದಾಹರಣೆಗಳಲ್ಲ.

ಕಾರಣಗಳಿಗಿಂತಲೂ ನಮ್ಮ ವಿಚಾರಕ್ಕೆ ಮುಖ್ಯವಾದುವು ಬಗೆಗಳು. ಇಂಗ್ಲೆಂಡಿನ ಶಸ್ತ್ರವೈದ್ಯ ಸೆಡನ್ 1943ರಲ್ಲಿ ನರಾಘಾತವನ್ನು ಮೂರಾಗಿ ವಿಂಗಡಿಸಿದನು. ಆಸ್ಟ್ರೇಲಿಯದ ಸಂಡರ್ಲೆಂಡ್ 1951ರಲ್ಲಿ ಅದನ್ನು ಐದು ಮೆಟ್ಟಿಲುಗಳಾಗಿ ವಿಸ್ತರಿಸಿದನು. ಸೆಡನ್ನನ ಮೊದಲನೆಯ ಬಗೆಯಲ್ಲಿ ನರದ ತಂತುಗಳು ತುಂಡಾಗಿರುವುದಿಲ್ಲ, ಅದರ ವಾಹಕಶಕ್ತಿ ಮಾತ್ರ ತಡೆದು ನಿಂತಿರುತ್ತದೆ; ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಸುಮಾರು ಮೂರು ತಿಂಗಳಲ್ಲಿ, ಕೈ ತಾನಾಗಿಯೇ ಚೇತರಿಸುತ್ತದೆ. ಎರಡನೆಯ ಬಗೆಯಲ್ಲಿ ಒಳಗಣ ತಂತು ಕಡಿದಿರುತ್ತದೆ, ಹೊರಗಣ ಕೋಶ ಉಳಿದಿರುತ್ತದೆ; ತಂತುವು ಆ ಕೋಶವನ್ನು ದಾರಿಯಾಗಿ ಹಿಡಿದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತದೆ. ಮೂರನೆಯ ಬಗೆಯಲ್ಲಿ ನರವೇ ಹರಿದುಹೋಗಿರುತ್ತದೆ. ಶಸ್ತ್ರಕ್ರಿಯೆಯಿಲ್ಲದೆ ಅದು ಕೂಡುವಂತಿಲ್ಲ. ಇವಲ್ಲದೆ ಬೇರು ಬೆನ್ನುಹುರಿಯಿಂದಲೇ ಕಿತ್ತುಬರುವುದೂ ಉಂಟು. ಅದನ್ನು ಸುಮ್ಮನೆ ಹೊಲಿಯಲು ಬಾರದು, ಬೇರೆ ನರವನ್ನು ತಂದು ಜೋಡಿಸಬೇಕಾಗುತ್ತದೆ. ನರದ ಆಜ್ಞೆಯಿಲ್ಲದ ಸ್ನಾಯುವಾದರೋ ಬಹುಕಾಲ ಕಾಯುವುದಿಲ್ಲ. ವರ್ಷ, ಒಂದೂವರೆ ವರ್ಷ ಕಳೆದರೆ ಅದು ಮತ್ತೆ ಕೆಲಸಕ್ಕೆ ಬಾರದಂತೆ ಕ್ಷಯಿಸುತ್ತದೆ. ಆದಕಾರಣ ಶಸ್ತ್ರಕ್ರಿಯೆ ಬೇಕಾದವರಿಗೆ ಅದು ಮೊದಲ ಆರು ತಿಂಗಳೊಳಗೆ ನಡೆಯುವುದು ಉಚಿತವೆಂದು ತಜ್ಞರು ಹೇಳುತ್ತಾರೆ. ಮೊದಲ ದಿನ ನೋಡುವವನಿಗೆ ಈ ಎಲ್ಲ ಬಗೆಗಳ ತೋಳೂ ಒಂದೇ ತೆರನಾಗಿ ಜೋಲುತ್ತಿರುತ್ತದೆ ಎಂಬ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಲೇಖನದ ವಾದವೆಲ್ಲವೂ ಈ ಒಂದು ಅಂಶದ ಮೇಲೆ ನಿಂತಿದೆ.

ಇನ್ನು ಆಧಾರಗಳಿಗೆ ಬರೋಣ. ಶಿಲ್ಪವನ್ನು ಮೊದಲು ತೆಗೆದುಕೊಳ್ಳಬಹುದು. ಕೊಳಲನ್ನೂದುವ ಗೋಪಾಲನ ಭಂಗಿಯಲ್ಲಿ ಮೇಲೆ ಹೇಳಿದ ಐದು ನರಗಳಿಗೂ ಕೆಲಸವುಂಟು: ಹೆಗಲು ಎತ್ತಬೇಕು, ಮೊಣಕೈ ಮಡಿಯಬೇಕು, ಮಣಿಕಟ್ಟು ನಿಲ್ಲಬೇಕು, ಬೆರಳು ರಂಧ್ರಗಳ ಮೇಲೆ ಆಡಬೇಕು. ಇದರಿಂದ ಶಿಲ್ಪಿಗೆ ನರಶಾಸ್ತ್ರ ತಿಳಿದಿತ್ತೆಂದು ಸಾಧಿಸಬಹುದೆ? ಸಾಧಿಸಲಾಗದು. ಭಾರತೀಯ ಶಿಲ್ಪದ ತೋಳಿಗೆ ಪ್ರಮಾಣವಾದುದು ಆನೆಯ ಸೊಂಡಿಲು. ಇದನ್ನು ಅವನೀಂದ್ರನಾಥ ಠಾಕೂರರು 1914ರ ತಮ್ಮ ಪ್ರಬಂಧದಲ್ಲಿ ಚಿತ್ರಗಳೊಡನೆ ವಿವರಿಸಿದ್ದಾರೆ. ಎಲುಬು ಸ್ನಾಯುಗಳ ಗಂಟುಗಳನ್ನು ಮರೆಸಿ ಒಂದೇ ಹರಿತದಲ್ಲಿ ತೋಳನ್ನು ಇಳಿಸುವುದು ಆ ಶಿಲ್ಪದ ಧ್ಯೇಯ. ಶಿಲ್ಪಿಗೆ ತಿಳಿದಿದ್ದುದು ತೋಳಿನ ಕ್ರಿಯೆ. ಆ ಕ್ರಿಯೆಯ ಹಿಂದಣ ಯಂತ್ರ ಅವನ ಪ್ರಶ್ನೆಯೇ ಆಗಿರಲಿಲ್ಲ. ಮೂರ್ತಿಯಲ್ಲಿ ಅಂಗಶಾಸ್ತ್ರವನ್ನು ಕಾಣುವ ಹೊಗಳಿಕೆಯೂ, ಸ್ನಾಯು ಕಾಣದೆಂದು ಅದನ್ನು ಹಳಿದ ಪಾಶ್ಚಾತ್ಯ ವಿಮರ್ಶೆಯೂ ಒಂದೇ ತಪ್ಪಿನ ಎರಡು ಮುಖಗಳು.

ಮಾಸ್ತಿಕಲ್ಲುಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಕನ್ನಡನಾಡಿನ ಮಾಸ್ತಿಕಲ್ಲುಗಳಲ್ಲಿ ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮಡಿದು ಮೇಲೆದ್ದ ಬಳೆತೊಟ್ಟ ತೋಳನ್ನು ಎಲ್ಲರೂ ಕಂಡಿದ್ದಾರೆ. ಅದು ಒಬ್ಬ ಹೆಂಗಸಿನ ಸಾವಿನ ಗುರುತು, ಸುಮಂಗಲಿತನದ ಸಂಕೇತ. ವೀರಗಲ್ಲಿನಲ್ಲಿ ಬಿಲ್ಲೆಳೆದ ಅಥವಾ ಕತ್ತಿಯೆತ್ತಿದ ತೋಳೂ ಹಾಗೆಯೇ. ಊರಳಿವಿನಲ್ಲಿ, ತುರುಗೋಳಿನಲ್ಲಿ ಸತ್ತವನಿಗೆ ಕಲ್ಲು ನಿಂತಿತು. ಅದೇ ಕಾಳಗದಲ್ಲಿ ಹೆಗಲಿಗೆ ಪೆಟ್ಟುತಿಂದು, ಕೈ ಸತ್ತು, ಮನೆಗೆ ಬಂದು ಮೂವತ್ತು ವರ್ಷ ಬಾಳಿದವನು ಈ ಕಲ್ಲುಗಳ ಲೆಕ್ಕಕ್ಕೆ ಸೇರುವವನಲ್ಲ. ಕಲ್ಲಿನ ಸಾಕ್ಷ್ಯವು ಸತ್ತವರ ಕಡೆಗೆ ವಾಲಿದೆ. ಗಾಯಗೊಂಡು ಉಳಿದವರ ಚರಿತ್ರೆಯನ್ನು ಅದರಿಂದ ಎಣಿಸಲಾಗದು.

ಮೂರನೆಯದು ಶಾಸ್ತ್ರಗ್ರಂಥ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ 107 ಮರ್ಮಗಳ ವಿವರಣೆಯುಂಟು. ಅವುಗಳಲ್ಲಿ ಹೆಗಲಿಗೆ ಸಂಬಂಧಿಸಿದ ಮೂರನ್ನು ಹೋಲಿಸಿ ನೋಡತಕ್ಕದ್ದು. ಅಂಸಮರ್ಮಕ್ಕೆ ಪೆಟ್ಟಾದರೆ ತೋಳು ಸೆಟೆದುಕೊಳ್ಳುತ್ತದೆ. ಅಂಸಫಲಕಕ್ಕೆ ಪೆಟ್ಟಾದರೆ ತೋಳು ಜೋಮು ಹಿಡಿದು ಒಣಗುತ್ತದೆ. ಎದೆ ಕಂಕುಳುಗಳ ನಡುವಣ ಕಕ್ಷಧರಕ್ಕೆ ಪೆಟ್ಟಾದರೆ ಪಕ್ಷಾಘಾತವಾಗುತ್ತದೆ. ಸೆಟೆದ ತೋಳನ್ನೂ ಒಣಗಿದ ತೋಳನ್ನೂ ಬೇರೆಬೇರೆಯೆಂದು ಕಂಡದ್ದು, ಸ್ಪರ್ಶನಾಶವನ್ನೂ ಮಾಂಸಕ್ಷಯವನ್ನೂ ಒಂದೇ ಪೆಟ್ಟಿನ ಫಲವೆಂದು ಜೋಡಿಸಿದ್ದು ಸಾಮಾನ್ಯವಾದ ನಿರೀಕ್ಷಣೆಯಲ್ಲ. ಕೀಲಿನ ಬಿಗಿತಕ್ಕೂ ನರದ ಆಘಾತಕ್ಕೂ ಇಂದಿನ ವೈದ್ಯನು ಕಾಣುವ ಭೇದದ ಮೊದಲ ಗೆರೆ ಇಲ್ಲಿದೆ. ಇದನ್ನು ಕಲ್ಪನೆಯೆಂದು ತಳ್ಳಿಹಾಕುವವರು ಗ್ರಂಥವನ್ನು ಓದಿಲ್ಲವೆಂದೇ ಹೇಳಬೇಕು.

ಆದರೆ ಇಲ್ಲಿಂದ ಮುಂದಕ್ಕೆ ಹೆಜ್ಜೆಯಿಡುವಾಗ ನಮ್ಮವರು ಎಡವುತ್ತಾರೆ. ಅದೇ ಸಂಹಿತೆಯ ನಿದಾನಸ್ಥಾನದಲ್ಲಿ ವಾತವ್ಯಾಧಿಗಳ ಸಾಲಿನಲ್ಲಿ ಅವಬಾಹುಕ, ವಿಶ್ವಾಚೀ ಎಂಬ ಎರಡು ತೋಳಿನ ರೋಗಗಳು ಬರುತ್ತವೆ. ಇವನ್ನು ಆಧುನಿಕ ಹೆಸರುಗಳೊಡನೆ ಸಮೀಕರಿಸುವ ಲೇಖನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಚಿತ್ರವೊಂದು ಕಾಣುತ್ತದೆ. ಒಬ್ಬರಿಗೆ ಅವಬಾಹುಕವೆಂದರೆ ಹೆಗಲ ಕೀಲು ಬಿಗಿದುಕೊಳ್ಳುವ ರೋಗ. ಇನ್ನೊಬ್ಬರಿಗೆ ಅದು ನರಜಾಲದ ಆಘಾತ. ವಿಶ್ವಾಚಿಯೂ ಹಾಗೆಯೇ ಒಮ್ಮೆ ಕತ್ತಿನೆಲುಬಿನ ಸವೆತವಾಗಿ, ಒಮ್ಮೆ ತೋಳಿನ ನರಶೂಲೆಯಾಗಿ ಬದಲಾಗುತ್ತದೆ. ಒಂದು ಪದವನ್ನು ಪರಸ್ಪರ ವಿರುದ್ಧವಾದ ಎರಡು ರೋಗಗಳಿಗೆ ಹೊಂದಿಸಬಹುದಾದರೆ, ಆ ಪದವು ಎರಡಕ್ಕೂ ಸರಿಯಾಗಿ ಹೊಂದುತ್ತಿಲ್ಲವೆಂದೇ ತಾತ್ಪರ್ಯ. ಸುಶ್ರುತನ ವರ್ಗೀಕರಣದ ತತ್ತ್ವವೇ ಬೇರೆ. ಅವನು ಕೆಟ್ಟ ವಾತದ ನೆಲೆಯನ್ನೂ ಕೆಡಿಸಿದ ಕ್ರಿಯೆಯನ್ನೂ ಹಿಡಿದು ಹೆಸರಿಟ್ಟನು. ಇಂದಿನ ಶಾಸ್ತ್ರವು ಯಾವ ನರ, ಎಷ್ಟು ಆಳದ ಪೆಟ್ಟು ಎಂಬುದನ್ನು ಹಿಡಿದು ಹೆಸರಿಡುತ್ತದೆ. ಬಳ್ಳದಿಂದ ಅಳೆದುದನ್ನು ಮೊಳದ ಲೆಕ್ಕದಲ್ಲಿ ಬರೆದಿಟ್ಟರೆ ಎರಡೂ ಕೆಡುತ್ತವೆ.

ಸಂಸ್ಕೃತದ ಮಾತು ಹಾಗಿರಲಿ, ನಮ್ಮ ಕನ್ನಡದ ‘ನರ’ ಎಂಬ ಪದವನ್ನೇ ನೋಡೋಣ. ಮುದುಕನ ಕೈಯ ಮೇಲೆ ಉಬ್ಬಿ ಕಾಣುವುದೂ ನರ, ಅದು ರಕ್ತನಾಳ. ಕತ್ತು ತಿರುಗಿಸಲಾರದವನು ‘ನರ ಹಿಡಿದಿದೆ’ ಎನ್ನುತ್ತಾನೆ, ಅದು ಸ್ನಾಯು. ಹಿಮ್ಮಡಿಯ ಹಿಂದಣ ಹುರಿಯೂ ನರವೇ. ಈ ಮೂರರಲ್ಲಿ ಒಂದೂ ವೈದ್ಯನು ಹೇಳುವ ನರವಲ್ಲ. ಆದ್ದರಿಂದ ಹಳೆಯ ಕಡತವೊಂದರಲ್ಲಿ, ಇಲ್ಲವೆ ಹಳ್ಳಿಯ ಹಿರಿಯರೊಬ್ಬರ ಬಾಯಲ್ಲಿ, ‘ತೋಳಿನ ನರ ತಪ್ಪಿತ್ತು’ ಎಂಬ ಮಾತು ಸಿಕ್ಕಿದೊಡನೆ ಅದನ್ನು ನರಾಘಾತವೆಂದು ಬರೆದುಕೊಳ್ಳುವುದು ಆತುರದ ಸಂಶೋಧನೆಯಾದೀತು. ಕೈ ಏನು ಮಾಡಲಾರದಾಯಿತು, ಚರ್ಮಕ್ಕೆ ಸ್ಪರ್ಶವಿತ್ತೆ, ಮಾಂಸ ಇಳಿಯಿತೆ, ಎಷ್ಟು ದಿನ ಹಾಗಿತ್ತು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಪದದ ಅರ್ಥವನ್ನು ನಿಶ್ಚಯಿಸಬೇಕು.

ಈಗ ಗುಣವಾಯಿತೆಂಬ ಸಾಕ್ಷಿಯ ವಿಚಾರ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗ್ರೀಕ್ ವೈದ್ಯ ಗೇಲನ್ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಪಾಸೇನಿಯಸ್ ಎಂಬ ವಿದ್ವಾಂಸನಿಗೆ ಕಿರುಬೆರಳು, ಉಂಗುರದ ಬೆರಳು ಮತ್ತು ನಡುಬೆರಳಿನ ಅರ್ಧ ಜೋಮು ಹಿಡಿದಿದ್ದವು. ಬೇರೆ ವೈದ್ಯರು ಬೆರಳಿಗೇ ಲೇಪ ಹಾಕುತ್ತಿದ್ದರು. ಅವನು ಹಿಂದೆ ರಥದಿಂದ ಬಿದ್ದು ಬೆನ್ನಿನ ಮೇಲ್ಭಾಗಕ್ಕೆ ಏಟು ತಿಂದಿದ್ದನೆಂಬುದನ್ನು ಗೇಲನ್ ಕೇಳಿ ತಿಳಿದು, ದೋಷವು ಕತ್ತಿನ ಕೆಳಗಣ ನರದ ಮೂಲದಲ್ಲಿದೆಯೆಂದು ನಿರ್ಣಯಿಸಿ, ಲೇಪವನ್ನು ಅಲ್ಲಿಗೆ ಹಾಕಿಸಿದನು, ರೋಗಿ ಗುಣವಾದನು. ನೋವಿನ ಸ್ಥಾನ ಒಂದು, ಪೆಟ್ಟಿನ ಸ್ಥಾನ ಇನ್ನೊಂದು ಎಂಬ ಈ ನಿರ್ಣಯ ಇಂದಿಗೂ ಸರಿಯಾದುದು. ಲೇಪದ ಮಹಿಮೆಯಾದರೋ ಇದರಿಂದ ಸಿದ್ಧವಾಗುವುದಿಲ್ಲ. ಪೆಟ್ಟು ಮೊದಲ ಬಗೆಯದಾಗಿದ್ದರೆ ಲೇಪ ಹಾಕದಿದ್ದರೂ ಬೆರಳು ಚೇತರಿಸುತ್ತಿತ್ತು. ಒಂದೇ ಬರೆಹದಲ್ಲಿ ನಿರೀಕ್ಷಣೆಗೆ ಒಂದು ತೂಕ, ಫಲಶ್ರುತಿಗೆ ಇನ್ನೊಂದು ತೂಕ ಕೊಡಬೇಕಾಗುತ್ತದೆ.

ಇದೇ ತಕ್ಕಡಿಯನ್ನು ನಮ್ಮ ಜೆಟ್ಟಿಗಳ ಖ್ಯಾತಿಗೂ ಹಿಡಿಯಬೇಕು. ಮಲ್ಲವಿದ್ಯೆಗೆ ಕನ್ನಡ ಅರಸರ ಆಶ್ರಯ ಹಳೆಯದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವೇ ಮೀಸಲಾಗಿದೆ. ಜೆಟ್ಟಿಗಳು ತಪ್ಪಿದ ಕೀಲುಗಳನ್ನು ಕೂಡಿಸುವುದರಲ್ಲಿ ನಿಪುಣರೆಂಬ ಖ್ಯಾತಿಯನ್ನು ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಈ ಖ್ಯಾತಿ ನಿರಾಧಾರವೆಂದು ನಾವು ಹೇಳುವುದಿಲ್ಲ. ಕುಸ್ತಿಯ ಮಟ್ಟಿಯಲ್ಲಿ ಹೆಗಲು ತಪ್ಪುವುದು ಸಹಜ. ಅದನ್ನು ಕೂಡಿಸುವ ಕೈಚಳಕ ಅಭ್ಯಾಸಬಲದಿಂದ ಬರುವಂಥದು. ಹೆಗಲು ತಪ್ಪಿದಾಗ ಅದರ ಕೆಳಗೇ ಹಾದುಹೋಗುವ ಕಕ್ಷನರವು ಸೆಳೆತಕ್ಕೆ ಸಿಕ್ಕುತ್ತದೆ. ಕೀಲು ಕೂಡಿದ ಮೇಲೂ ತೋಳು ಏಳದಿರುವುದು ಅದರಿಂದಲೇ. ಆಗ ಎಣ್ಣೆ ತಿಕ್ಕುತ್ತಾರೆ, ಕಟ್ಟು ಕಟ್ಟುತ್ತಾರೆ. ಬಹುಪಾಲು ಜನರಲ್ಲಿ ಕೆಲವು ತಿಂಗಳುಗಳಿಗೆ ತೋಳು ಏಳುತ್ತದೆ. ಕೀಲನ್ನು ಕೂಡಿಸಿದ್ದು ಜೆಟ್ಟಿಯ ವಿದ್ಯೆ. ನರವನ್ನು ಎಬ್ಬಿಸಿದ್ದು ದೇಹದ ಸ್ವಭಾವ. ಜನರ ನೆನಪಿನಲ್ಲಿ ಇವೆರಡೂ ಒಂದೇ ಹೆಸರಿನಲ್ಲಿ ಜಮೆಯಾದವು. ತೋಳು ಏಳದೆ ಹೋದವನ ಸುದ್ದಿಯೋ, ಅದು ಅವನ ಹಣೆಬರಹದ ಖಾತೆಗೆ ಹೋಯಿತು. ಹೀಗೆ, ಸಾಕ್ಷಿ ಹೇಳಿದವರಲ್ಲಿ ಒಬ್ಬನೂ ಸುಳ್ಳಾಡದೆ, ಒಟ್ಟು ಸಾಕ್ಷ್ಯವು ತಪ್ಪುದಾರಿಗೆ ಎಳೆಯಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ತಿಳಿಯದು.

ಲೆಕ್ಕಕ್ಕೆ ಬಾರದ ತೋಳು ಹೊರುವವನದು. ನಮ್ಮ ಶಾಸನಗಳಲ್ಲಿಯೂ ಮಠಗಳ ಬಿರುದಾವಳಿಗಳಲ್ಲಿಯೂ ಅಡ್ಡಪಲ್ಲಕ್ಕಿಯ ಗೌರವ ಮತ್ತೆ ಮತ್ತೆ ಬರುತ್ತದೆ. ಯಾರು ಕುಳಿತರೆಂಬುದು ಕಲ್ಲಿನಲ್ಲಿದೆ, ತಾಮ್ರದಲ್ಲಿದೆ. ಹೊತ್ತವರು ಯಾರೆಂಬುದು ಬೋವಿ, ಬೆಸ್ತ ಎಂಬ ಜಾತಿನಾಮದಲ್ಲಿ ಮುಗಿದುಹೋಗಿದೆ. ಕತ್ತಿಗೂ ತೋಳಿಗೂ ನಡುವಣ ಜಾಗದಲ್ಲಿ ದಂಡಿಗೆಯ ಭಾರ ಕೂರುತ್ತದೆ. ನರಜಾಲ ಹಾದುಹೋಗುವುದೂ ಅಲ್ಲಿಯೇ. ಬೆನ್ನುಚೀಲದ ಪಟ್ಟಿಯ ಒತ್ತಡದಿಂದ ಸೈನಿಕರ ತೋಳು ಸೋತುಹೋಗುವುದನ್ನು ಎರಡನೆಯ ಮಹಾಯುದ್ಧದ ಕಾಲದಿಂದ ಈಚೆಗೆ ವೈದ್ಯರು ವಿವರಿಸಿದ್ದಾರೆ. ಅದು ಸಾಮಾನ್ಯವಾಗಿ ಮೊದಲ ಬಗೆಯ ಆಘಾತ. ಹೊರೆಯಿಳಿಸಿ ವಿಶ್ರಾಂತಿ ಕೊಟ್ಟರೆ ಗುಣವಾಗುತ್ತದೆ. ಸೈನಿಕನಿಗೆ ಆಸ್ಪತ್ರೆಯ ಹಾಸಿಗೆ ದೊರೆಯಿತು; ಪಲ್ಲಕ್ಕಿಯವನಿಗೆ ಮರುದಿನದ ಪಯಣ ಕಾದಿತ್ತು. ನಮ್ಮ ಪಲ್ಲಕ್ಕಿಯವರಲ್ಲಿ ನರಾಘಾತವಿತ್ತೆಂದು ನಾವು ಸಿದ್ಧಾಂತ ಮಾಡುತ್ತಿಲ್ಲ. ಇದು ಸಂಭವದ ಮಾತು. ಸಂಭವವನ್ನು ಸಂಭವವೆಂದೇ ಬರೆಯುವುದು ನ್ಯಾಯ. ಆದರೆ ‘ಹೊತ್ತು ಹೊತ್ತು ಹೆಗಲು ಗಟ್ಟಿಯಾಗಿತ್ತು’ ಎಂಬ ವಾಕ್ಯವನ್ನು ಆಧಾರವಿಲ್ಲದೆ ಬರೆಯುವ ಚರಿತ್ರಕಾರನು ಆ ಸಂಭವವನ್ನು ಪರೀಕ್ಷಿಸುವ ಮೊದಲೇ ಅಳಿಸಿಹಾಕುತ್ತಾನೆ. ಇಂದು ಬೆಟ್ಟಕ್ಕೆ ಬಸ್ಸು ಹತ್ತುತ್ತದೆ. ಅದರಿಂದ ಹೆಗಲಿನ ಚರಿತ್ರೆ ಮುಗಿಯಲಿಲ್ಲ. ಮಂಡಿಯ ಮೂಟೆಗಳೂ ಮನೆ ಕಟ್ಟುವ ಇಟ್ಟಿಗೆಗಳೂ ಇನ್ನೂ ಹೆಗಲ ಮೇಲಿವೆ.

ಕಡೆಯದು ಹರಕೆಯ ಕೂಸು. ಪ್ರಸವದಲ್ಲಿ ತಲೆ ಹೊರಬಂದು ಹೆಗಲು ಸಿಕ್ಕಿಕೊಂಡಾಗ ಕತ್ತಿನ ನರಗಳು ಎಳೆಯಲ್ಪಡುತ್ತವೆ. ಕೂಸಿನ ಒಂದು ತೋಳು ಒಳಮುಖವಾಗಿ ತಿರುಗಿ ಜೋಲುತ್ತದೆ. ಫ್ರಾನ್ಸಿನ ಡ್ಯೂಶೆನ್ 1872ರಲ್ಲಿಯೂ ಜರ್ಮನಿಯ ಎರ್ಬ್ 1874ರಲ್ಲಿಯೂ ಮೇಲಿನ ಬೇರುಗಳ ಈ ಪೆಟ್ಟನ್ನು ವಿವರಿಸಿದರು. ಕೆಳಗಿನ ಬೇರುಗಳದನ್ನು 1885ರಲ್ಲಿ ಕ್ಲುಂಪ್ಕೆ ಎಂಬ ಮಹಿಳೆ ವಿವರಿಸಿದಳು. ಇಂಥ ಕೂಸುಗಳಲ್ಲಿ ಬಹುಪಾಲು ತಾವಾಗಿಯೇ ಚೇತರಿಸುತ್ತವೆ. ಮೂರು ತಿಂಗಳಾದರೂ ಮೊಣಕೈ ಮಡಿಯದ ಕೂಸನ್ನು ತಜ್ಞರಿಗೆ ತೋರಿಸಲೇಬೇಕು. ಬಹುವರ್ಷ ಕಾದು ಹಡೆದ ತಾಯಿಗೆ ನೆರೆಯವರು ತಮ್ಮ ಮನೆಯ ಮಗುವನ್ನು ತೋರಿಸಿ, ಎಣ್ಣೆ ತಿಕ್ಕಿದರೆ ಸರಿಹೋಗುತ್ತದೆಯೆಂದು ಧೈರ್ಯ ಹೇಳುತ್ತಾರೆ. ಅವರು ಹೇಳುವುದು ಅವರು ಕಣ್ಣಾರೆ ಕಂಡ ನಿಜ. ಆ ನಿಜವು ಇನ್ನೊಂದು ಬಗೆಯ ಪೆಟ್ಟು ತಿಂದ ಕೂಸಿಗೆ ಸಲ್ಲುವುದಿಲ್ಲ. ಸಲ್ಲದೆಂದು ತಿಳಿಯುವ ಹೊತ್ತಿಗೆ ಸ್ನಾಯು ಒಣಗಿರುತ್ತದೆ. ಹರಕೆಗೂ ಆಸ್ಪತ್ರೆಗೂ ಇಲ್ಲಿ ವಿರೋಧವಿಲ್ಲ. ಬೆಟ್ಟ ಹತ್ತಿ ಕೈಮುಗಿದು ಬಂದವರು ಮೈಸೂರಿಗೂ ಹೋಗಬಹುದು, ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗಬಹುದು. ಕಾಲ ಮೀರಬಾರದು, ಅಷ್ಟೆ.

ನಮ್ಮ ವಿಮರ್ಶೆಯ ಫಲಿತಾಂಶ ಇಷ್ಟು. ಹಳೆಯ ಆಧಾರಗಳು ತೋಳಿನ ಕ್ರಿಯೆಯನ್ನೂ ಅದರ ನಾಶವನ್ನೂ ನಿಷ್ಠೆಯಿಂದ ಕಂಡಿವೆ. ಆ ಕಾಣ್ಕೆಗೆ ಪೂರ್ಣ ಗೌರವ ಸಲ್ಲಬೇಕು. ಪೆಟ್ಟಿನ ಬಗೆಯನ್ನು ಅವು ಹೇಳುವುದಿಲ್ಲ. ಹೇಳುತ್ತವೆಯೆಂದು ನಾವು ಅವುಗಳ ಬಾಯಲ್ಲಿ ಮಾತು ತುರುಕಬಾರದು. ಗುಣವಾದವರ ಸಾಕ್ಷಿಯನ್ನು ಕೇಳುವಾಗ, ಗುಣವಾಗದವರು ಎಲ್ಲಿ ಹೋದರೆಂದು ಕೇಳುವುದನ್ನು ಮರೆಯಬಾರದು. ಕಾಲೇಜಿನ ಇತಿಹಾಸ ತರಗತಿಯಲ್ಲಿ ಈ ಪ್ರಶ್ನೆಯನ್ನು ಕಲಿತ ವಿದ್ಯಾರ್ಥಿಯು ತನ್ನ ಹಳ್ಳಿಗೆ ಮರಳಿದಾಗ, ಜೋಲುವ ತೋಳೊಂದನ್ನು ಕಂಡು, ಪೆಟ್ಟಾಗಿ ಎಷ್ಟು ತಿಂಗಳಾಯಿತೆಂದು ಮೊದಲು ವಿಚಾರಿಸಿದರೆ, ಆಧಾರಪರೀಕ್ಷೆಯೆಂಬ ನಮ್ಮ ಒಣ ವಿದ್ಯೆಯು ಒಬ್ಬನ ಕೈಯನ್ನು ಉಳಿಸಿದಂತಾಗುತ್ತದೆ.